ನನ್ನ ಹೆಸರಿನ ಕೆಮ್ಮು

ಬೀಡಿ ಸೇದಿ ಸೇದಿ ನನಗೆ ಕೆಮ್ಮು ಹಳೆಯದು. ಕೈಲಾಂಚದ ಕಡೆಯ ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಯಾರು ಕೆಮ್ಮುತ್ತಾರೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಆಶಾ ಕಾರ್ಯಕರ್ತೆ ಮೊಬೈಲ್ ಹಿಡಿದು ಮೊದಲು ನಮ್ಮ ಜಗುಲಿಗೇ ಬಂದಳು.

"ತಾತ, ಇದ್ರಲ್ಲಿ ಒಸಿ ಕೆಮ್ಮಿ. ಟಿ.ಬಿ. ಅನುಮಾನ ಐತಾ ಇಲ್ವಾ ಅಂತ ಕೆಮ್ಮು ಕೇಳೇ ಹೇಳ್ತದೆ. ಎ.ಐ. ಅಂತೆ."

ಟಿ.ಬಿ. ಎಂದು ಹೊರಬಿದ್ದರೆ ಡೈರಿಯಲ್ಲಿ ನಮ್ಮ ಮನೆಯ ಹಾಲು ಹಾಕಿಸಿಕೊಳ್ಳುತ್ತಾರೆಯೇ? ನನಗೆ ತೋಚಿದ್ದು ಅಷ್ಟೇ. ಕೊಟ್ಟಿಗೆಯಲ್ಲಿ ಕರು ಅರಚುತ್ತಿತ್ತು. ಸದ್ದಿದ್ದರೆ ಆಗುವುದಿಲ್ಲ, ಒಳಗೆ ಹೋಗಿ ಕೆಮ್ಮಿ ಎಂದು ಅವಳೇ ಹೇಳಿ, ಎಲ್ಲಿ ಒತ್ತಬೇಕೆಂದು ತೋರಿಸಿ ಮೊಬೈಲ್ ನನ್ನ ಕೈಗೆ ಕೊಟ್ಟಳು.

ಅಡುಗೆಮನೆಯಲ್ಲಿ ನನ್ನ ಹೆಂಡತಿ ಮುದ್ದೆ ತಿರುವುತ್ತಿದ್ದಳು. ಅವಳು ರೇಷ್ಮೆ ನೂಲು ತೆಗೆಯುವ ಕಡೆ ಕೂಲಿಗೆ ಹೋಗುತ್ತಿದ್ದಳು. ಗೂಡು ಬೇಯಿಸುವ ಹಬೆಗೆ ಸಣ್ಣಗೆ ಕೆಮ್ಮುತ್ತಿದ್ದಳು. ಅದನ್ನು ನಾವು ಕೆಮ್ಮು ಎಂದೇ ಎಣಿಸಿರಲಿಲ್ಲ.

"ನನ್ ಬದ್ಲು ನೀನೇ ಕೆಮ್ಮಿಬುಡು," ಎಂದೆ.

"ಹಾಲು ಕರಿಯೋಳೂ ನಾನು, ಮುದ್ದೆ ಕಟ್ಟೋಳೂ ನಾನು, ಈಗ ಕೆಮ್ಮೋಳೂ ನಾನೇಯಾ?" ಎಂದು ನಗುತ್ತಲೇ ಕೆಮ್ಮಿದಳು.

ಆಶಾ ಕಾರ್ಯಕರ್ತೆ ಮತ್ತೆ ಬಂದಾಗ ನನ್ನ ಹೆಸರಿಗೆ ಅನುಮಾನ ಎಂದು ಬಂದಿತ್ತು. ಪರೀಕ್ಷೆಗೆ ಬರುವುದಿಲ್ಲ ಎಂದರೆ ಗುಟ್ಟು ಒಡೆಯುತ್ತದೆ. ರಾಮನಗರದ ಆಸ್ಪತ್ರೆಗೆ ಹೋದೆ. ಎಕ್ಸ್‌ರೇ ತೆಗೆದರು, ಕಫ ನೋಡಿದರು. ನನಗೆ ಏನೂ ಇರಲಿಲ್ಲ.

ಹೋದ ಜೀವ ಬಂದಂತಾಗಿ ಡೈರಿಯ ಮುಂದೆ ಜೋರಾಗಿ ಹೇಳಿದೆ: "ಬೀಡಿ ಕೆಮ್ಮು ಯಾವ್ದು, ಟಿ.ಬಿ. ಕೆಮ್ಮು ಯಾವ್ದು ಅಂತ್ಲೇ ಗೊತ್ತಿಲ್ಲ ಕಣ್ರಲಾ ಆ ಮಿಷನ್ಗೆ."

"ನಿಮ್ ಕರ ಅರಚಿದ್ರೂ ಟಿ.ಬಿ. ಅಂತದೆ ಬುಡು," ಎಂದ ಒಬ್ಬ. ಎಲ್ಲರೂ ನಕ್ಕರು.

ಮನೆಗೆ ಬಂದು ಅದನ್ನೇ ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

"ಅದ್ರಲ್ಲಿ ಕೆಮ್ಮಿದ್ದು ನಾನಲ್ವಾ?"

ಹೈಸ್ಕೂಲು ಓದಿದವನು ನಾನು, ಇಷ್ಟು ಹೊಳೆದಿರಲಿಲ್ಲ. ಮಿಷನ್ನು ತಪ್ಪು ಹೇಳಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಕಿವಿಗೊಡದ ಕೆಮ್ಮನ್ನು ಅದು ಒಂದೇ ಸಲ ಕೇಳಿ ಗುರುತಿಸಿತ್ತು.

ಆಗಲಾದರೂ ಎದ್ದು ಹೋಗಿ ಆಶಾ ಕಾರ್ಯಕರ್ತೆಗೆ ಹೇಳಬೇಕಿತ್ತು. "ಅದು ಹಬೆ ಕೆಮ್ಮು, ಸುಮ್ಕಿರು," ಎಂದುಬಿಟ್ಟೆ. ಡೈರಿಯಲ್ಲಿ ಅಷ್ಟು ನಗಿಸಿ ಬಂದವನು ಯಾವ ಮುಖ ಹೊತ್ತು ಹೋಗಲಿ? ಆಗ ರಾಗಿ ಪೈರು ನಾಟಿದ್ದೆವು. ತೆನೆ ಬಲಿಯುವವರೆಗೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅವಳ ಕೈಬಳೆ ಮೊಣಕೈತನಕ ಜಾರುತ್ತಿತ್ತು.

ಒಂದು ದಿನ ಆಶಾ ಕಾರ್ಯಕರ್ತೆ ಬಂದು ಜಗುಲಿಯ ಮೇಲೆ ಕುಳಿತಳು. "ಯಾರೂ ಕೆಮ್ಮಕ್ಕೇ ಒಪ್ತಿಲ್ಲ ತಾತ. ಅದು ಸುಳ್ಳು ಮಿಷನ್ನು ಅಂತ ನೀವೇ ಹೇಳಿದ್ರಂತಲ್ಲ."

ಒಳಗೆ ಹೆಂಡತಿ ಕೆಮ್ಮುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಆಶಾ ಕಾರ್ಯಕರ್ತೆ ಬೈಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಎದ್ದು ಒಳಗೆ ಹೋದಳು.

"ನಡೀರಿ ಅಜ್ಜಿ ಆಸ್ಪತ್ರೆಗೆ. ಈಗ ನಿಮ್ ಹೆಸ್ರಲ್ಲೇ ತೋರ್ಸನ."

ಕಫದಲ್ಲಿ ಕಾಯಿಲೆ ಸಿಕ್ಕಿತು. ಮೊದಲೇ ಬಂದಿದ್ದರೆ ಶ್ವಾಸಕೋಶ ಇಷ್ಟು ಕೆಡುತ್ತಿರಲಿಲ್ಲ, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, "ಹಬೆ ಅಂದ್ಕಂಡಿದ್ದೆ ಸಾ," ಎಂದಳು. ನನ್ನ ಕಡೆ ತಿರುಗಲಿಲ್ಲ.

ಮಾರನೆಯ ದಿನ ಡೈರಿಯ ಸಾಲಿನಲ್ಲಿ ನಿಂತು, ನಗಿಸಿದ್ದ ಜನರೆದುರಿಗೇ, ಕೆಮ್ಮಿದ್ದು ಯಾರು, ಕಾಯಿಲೆ ಯಾರಿಗೆ ಎಂದು ಹೇಳಿದೆ. ಹಾಲು ಅಳೆಯುವವನು ನನ್ನ ಕ್ಯಾನು ತೆಗೆದುಕೊಂಡು, ಎಂದಿನಂತೆ ಅಳೆದು, ಸುರಿದುಕೊಂಡ.

"ಅಮ್ಮೋರ್ನ ಹುಷಾರಾಗ್ ನೋಡ್ಕಳಿ. ಒಸಿ ಜರುಗಿ ಯಜಮಾನ್ರೆ, ಹಿಂದ್ಲೋರು ಕಾಯ್ತಾವ್ರೆ."

ಖಾಲಿ ಕ್ಯಾನು ಹಿಡಿದು ಅಲ್ಲೇ ನಿಂತುಬಿಟ್ಟೆ. ನಾನು ಹೆದರಿದ್ದು ಇಷ್ಟಕ್ಕೆ. ಇಷ್ಟಕ್ಕೆ ಅವಳನ್ನು ಕೆಮ್ಮಲು ಬಿಟ್ಟಿದ್ದೆ.