ತಾರಸಿಯ ಮೇಲಿನ ಉಪ್ಪು

ಬೇಸಿಗೆಯಿಡೀ ಕಾಕನ ಲುಂಗಿಯ ಅಂಚಿನಲ್ಲಿ ಸುಣ್ಣ ತಾಗಿದಂತೆ ಒಂದು ಬಿಳಿ ಗೆರೆ ಇರುತ್ತಿತ್ತು. ಅದು ಉಪ್ಪು. ಪಕ್ಕದ ಮನೆಯಿಂದ ನಮ್ಮಲ್ಲಿಗೆ ಬರುವಾಗ ಗೇಟಿನ ಆಚೆಯೇ ನಿಂತು ಅದನ್ನು ಕೊಡವಿ ಒಳಗೆ ಬರುತ್ತಿದ್ದರು. ಅಮ್ಮನ ಮಲ್ಲಿಗೆ ಗಿಡಗಳ ಹತ್ತಿರ ಒಂದು ಹರಳೂ ಬೀಳಬಾರದು ಎಂಬ ಎಚ್ಚರ ಅವರಿಗೆ.

ಓಣಿಯವರೆಲ್ಲ ಕಾಕ ಎನ್ನುತ್ತಿದ್ದ ಅವರು ಗಲ್ಫಿನಲ್ಲಿ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ದುಡಿದು ಬಂದವರು. ನಮ್ಮ ಮನೆಗಳು ಹೂಡೆಯ ಕಡಲಿನಿಂದ ಸಾಕಷ್ಟು ಒಳಗೆ. ಆದರೂ ಬೇಸಿಗೆಯಲ್ಲಿ ಹೊಳೆಯೊಳಗೆ ಉಪ್ಪುನೀರು ಏರಿ ಬಾವಿಗಳು ಕೆಡುತ್ತವೆ. ಕಾಕ ತಮ್ಮ ಬಾವಿಗೆ ಅಂಥದೇ ಒಂದು ಸಣ್ಣ ಯಂತ್ರ ಹಾಕಿಸಿ, ಓಣಿಯವರಿಗೆಲ್ಲ ಕುಡಿಯುವ ನೀರು ಕೊಡತೊಡಗಿದರು. ಒಂದು ಕೊಡ ಸಿಹಿನೀರಿಗೆ ಇನ್ನೊಂದು ಕೊಡ ಮತ್ತಷ್ಟು ಉಪ್ಪಾದ ನೀರು ಉಳಿಯುತ್ತಿತ್ತು. ಗಲ್ಫಿನಲ್ಲಿ ಅದು ಕಡಲಿಗೇ ಹೋಗುತ್ತಿತ್ತು. ಇಲ್ಲಿ ಕಾಕ ಅದನ್ನು ಕಾಂಪೌಂಡಿನ ಬದಿಯಲ್ಲಿ ಮಳೆನೀರು ಹರಿಯುವ ತೋಡಿಗೆ ಬಿಟ್ಟರು.

ತೋಡಿನ ಈಚೆ ಅಮ್ಮನ ಮಲ್ಲಿಗೆ. ಅವಳ ಸ್ವಂತದ್ದೆನ್ನುವ ಸಂಪಾದನೆ ಅದೊಂದೇ. ಉಡುಪಿಗೆ ಹೋಗುವ ಹೂವಿನಿಂದ ಪ್ರತಿ ಶುಕ್ರವಾರ ಒಂದು ಮಾಲೆ ಕಾಕನ ಹೆಂಡತಿಗೆ ಸಲ್ಲುತ್ತಿತ್ತು. ಒಂದು ಬೇಸಿಗೆ ಎಲೆಗಳ ಅಂಚು ಸುಟ್ಟು, ಮೊಗ್ಗು ನಿಂತಿತು. ಕಾರಣ ಅಮ್ಮನಿಗೂ ಗೊತ್ತಿತ್ತು, ಮಣಿಪಾಲದಲ್ಲಿ ಓದುತ್ತಿದ್ದ ನನಗೂ. ಇಬ್ಬರೂ ಹೇಳಲಿಲ್ಲ.

ಶುಕ್ರವಾರ ಹೂ ಹೋಗದಿದ್ದಾಗ ಕಾಕನೇ ಬಂದರು.

"ಎಂತ ಅಕ್ಕ, ನಮ್ಮ ಮೇಲೆ ಕೋಪ ಉಂಟಾ?"

"ನನಗಲ್ಲ ಕಾಕ, ಗಿಡಕ್ಕೆ ಕೋಪ ಬಂದಿದೆ."

ಅವರು ಕುಕ್ಕರುಗಾಲಲ್ಲಿ ಕುಳಿತು, ಬುಡದ ಮಣ್ಣನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿದರು. ಮುಖ ಬಾಡಿತು.

"ಇದು ನನ್ನದೇ ಕೆಲಸ. ಒಂದು ಮಾತು ಹೇಳಬಹುದಿತ್ತಲ್ವಾ?"

"ಕುಡಿಯಲಿಕ್ಕೆ ನೀರು ಕೊಡುವವರ ಹತ್ತಿರ ಹೇಗೆ ಹೇಳುವುದು?"

ಅಂದೇ ಯಂತ್ರ ನಿಂತಿತು. ಓಣಿಯವರು ಗೊಣಗಿದರು. ಮೂಲೆಮನೆಯವರು, "ಆ ಹಾಳುಬಾವಿಗೆ ಬಿಡಿ ಕಾಕ, ಯಾರಿಗೆ ತೊಂದರೆ?" ಎಂದರು.

"ಇವತ್ತು ಅದಕ್ಕೆ ಬಿಡುವುದು, ನಾಳೆ ಅದನ್ನೇ ನಿಮ್ಮ ಬಾವಿಯಿಂದ ಎತ್ತುವುದು. ಎಂತ ಮಾರಾಯ್ರೇ, ಮಕ್ಕಳಾಟವಾ?"

ಮೇಲೆ ಇನ್ನೊಂದು ಅಂತಸ್ತು ಕಟ್ಟಬೇಕೆಂದು ಅವರು ಖಾಲಿ ಬಿಟ್ಟಿದ್ದ ತಾರಸಿ ಇತ್ತು. ಆ ಆಸೆಯನ್ನು ಬಿಟ್ಟು, ಸುತ್ತ ಇಟ್ಟಿಗೆಯ ಅಂಚು ಕಟ್ಟಿ, ಕಪ್ಪು ಪ್ಲಾಸ್ಟಿಕ್ ಹಾಸಿ, ಉಳಿದ ನೀರನ್ನೆಲ್ಲ ಅಲ್ಲಿಗೆ ಏರಿಸಿದರು. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತಿತ್ತು. ತಾರಸಿ ತುಂಬಿದ ದಿನ ಯಂತ್ರಕ್ಕೂ ರಜೆ. ಸ್ನಾನಕ್ಕೂ ಬೇಕು ಎಂದವರಿಗೆ, "ತಾರಸಿ ಎಷ್ಟು ಕುಡಿಯುತ್ತದೋ ನಿಮಗೂ ಅಷ್ಟೇ" ಎನ್ನುತ್ತಿದ್ದರು. ಮಳೆಗೆ ಮುಂಚೆ ಉಪ್ಪನ್ನು ತೆಂಗಿನ ಗೆರಟೆಯಿಂದ ಕೆರೆದು, ಗೋಣಿಯಲ್ಲಿ ತುಂಬಿ, ಸ್ಕೂಟರಿನಲ್ಲಿ ಹೂಡೆಗೆ ಒಯ್ದು ಕಡಲಿಗೆ ಸುರಿಯುವರು. "ಅದರದ್ದು ಅದಕ್ಕೆ ಮಗಳೇ. ನಾನು ಎಷ್ಟು ದಿನ ಇಟ್ಟುಕೊಳ್ಳಲಿ?"

ಮೂರನೆಯ ವರ್ಷ ಮಲ್ಲಿಗೆ ಮತ್ತೆ ತುಂಬಿ ಹೂ ಬಿಟ್ಟಿತು. ಶುಕ್ರವಾರದ ಮಾಲೆಯೂ ಮತ್ತೆ ಹೋಗತೊಡಗಿತು.

ಹೋದ ಬೇಸಿಗೆಯ ಕೊನೆಯಲ್ಲಿ ಕಾಕ ಎದೆನೋವಿನಿಂದ ತೀರಿಕೊಂಡರು. ಮನೆ ತುಂಬ ನೆಂಟರು. ಪಡುವಣದಲ್ಲಿ ಮೋಡ ಕಟ್ಟುತ್ತಿದ್ದಾಗ ನನಗೆ ತಾರಸಿ ನೆನಪಾಯಿತು. ಒಂದು ಮಳೆ ಬಿದ್ದರೆ ಅಷ್ಟೂ ಉಪ್ಪು ಕೆಳಗಿಳಿಯುತ್ತದೆ. ಅವರ ಹೆಂಡತಿಯನ್ನು ಕೇಳಿ ಮೇಲೆ ಹೋದೆ. ಅರ್ಧ ಕೆರೆದ ಉಪ್ಪಿನ ಮೇಲೆ ಗೆರಟೆ ಹಾಗೆಯೇ ಇತ್ತು. ಹಿಂದೆಯೇ ಬಂದ ಅವರು ಗೋಣಿಯ ಬಾಯಿ ಅಗಲಿಸಿ ಹಿಡಿದರು.

ಹೂಡೆಯಲ್ಲಿ ಗೋಣಿ ಬರಿದು ಮಾಡಿ ಮರಳುವಾಗ ಹನಿ ಶುರುವಾಗಿತ್ತು. ನನ್ನ ಚೂಡಿದಾರದ ಅಂಚಿನಲ್ಲಿ ಬಿಳಿ ಗೆರೆ. ನಮ್ಮ ಗೇಟಿನ ಆಚೆ ನಿಂತು, ಅದನ್ನು ಕೊಡವಿ, ಒಳಗೆ ಹೋದೆ.