ಅಕ್ಷರದ ಮೇಲಿನ ಟೋಪಿ

ನನ್ನ ಕಣ್ಣು ಒಮ್ಮೆಲೇ ಹೋಗಲಿಲ್ಲ. ಪ್ರೈಮರಿಯಲ್ಲಿದ್ದಾಗ ಇರುಳುಗಣ್ಣು ಅಂದರು. ಹೈಸ್ಕೂಲಿನಲ್ಲಿ ಬೋರ್ಡು ಮಸುಕಾಯಿತು. ಪಿಯುಸಿ ಮುಗಿಯುವ ಹೊತ್ತಿಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಅನ್ನುವುದಷ್ಟೇ ತಿಳಿಯುತ್ತಿತ್ತು. ಬ್ರೈಲ್ ಕಲಿಯಲು ಹೋದೆ. ತಡವಾಗಿತ್ತು, ಬೆರಳಿಗೆ ಹತ್ತಲಿಲ್ಲ. ಹಾಗಾಗಿ ಡಿಗ್ರಿಯನ್ನು ಕಿವಿಯಲ್ಲೇ ಓದಿದೆ. ಅಪ್ಪ ಗುಬ್ಬಿಯ ಕೊಬ್ಬರಿ ಮಂಡಿಗೆ ಹೋಗುವ ಮೊದಲು ನನ್ನನ್ನು ತುಮಕೂರಿನ ಬಸ್ಸು ಹತ್ತಿಸುತ್ತಿದ್ದರು. ಅಲ್ಲಿ ಇಳಿದ ಮೇಲೆ ಕಾಲೇಜಿನ ಯಾರಾದರೂ ಕೈ ಹಿಡಿಯುತ್ತಿದ್ದರು.

ನಾನು ಫ್ರೆಂಚ್ ತೆಗೆದುಕೊಂಡಾಗ ಮನೆಯಲ್ಲಿ ನಕ್ಕರು. ಗುಬ್ಬಿ ಸಂತೆಯಲ್ಲಿ ಯಾರ ಹತ್ತಿರ ಮಾತಾಡ್ತೀಯಾ ಎಂದು ಅಮ್ಮ ಕೇಳಿದಳು. ನನಗೆ ನನ್ನದೇ ಕಾರಣವಿತ್ತು. ಕನ್ನಡ ಕ್ಲಾಸಿನಲ್ಲಿ ಎಲ್ಲರೂ ಪುಟ ಮಗುಚುವ ಸದ್ದು ಕೇಳಿಸುತ್ತಿತ್ತು, ನಾನೊಬ್ಬಳೇ ಹಿಂದೆ ಉಳಿಯುತ್ತಿದ್ದೆ. ಫ್ರೆಂಚಿನಲ್ಲಿ ಯಾರಿಗೂ ಏನೂ ಬರುತ್ತಿರಲಿಲ್ಲ. ಎಲ್ಲರೂ ನನ್ನ ಹಾಗೇ ತಡಕಾಡುತ್ತಿದ್ದರು. ಮೇಡಂ ಹೇಳಿಕೊಟ್ಟ ಪಾಠವನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಬಸ್ಸಿನಲ್ಲಿ ಕೇಳುತ್ತಿದ್ದೆ. ಎರಡೇ ವರ್ಷದಲ್ಲಿ ಕ್ಲಾಸಿಗೆ ನಾನೇ ಮುಂದಾದೆ. ಎಂಎ ಮಾಡಬೇಕು, ಪಾಠ ಹೇಳಬೇಕು ಅನ್ನುವ ಆಸೆ ಹುಟ್ಟಿತು.

ಕೊನೆಯ ವರ್ಷಕ್ಕೆ ಪಾಸೇ ಸ್ಯಾಂಪ್ಲ್ ಬಂತು. ಅದೊಂದು ಭೂತಕಾಲ.

"ಇದು ಮಾತಲ್ಲಿಲ್ಲ ಕಣಮ್ಮ, ಕಥೆ ಪುಸ್ತಕದಲ್ಲಿ ಮಾತ್ರ. ಫ್ರಾನ್ಸಿಗೇ ಹೋದ್ರೂ ಯಾರ ಬಾಯಲ್ಲೂ ಕೇಳಲ್ಲ," ಎಂದರು ಮೇಡಂ. ಬರಹಕ್ಕೆಂದೇ ಇರುವ ಕ್ರಿಯಾಪದಗಳನ್ನು ಕಿವಿಯಲ್ಲಿ ಕಲಿಯುವುದು ಹೇಗೆ? ‘ನಾನು ಮಾತಾಡಿದೆ’ ಮತ್ತು ‘ನಾನು ಮಾತಾಡುತ್ತಿದ್ದೆ’ ಫ್ರೆಂಚಿನಲ್ಲಿ ಎರಡೂ ನನ್ನ ಕಿವಿಗೆ ಒಂದೇ ಸದ್ದು. ವ್ಯತ್ಯಾಸವೆಲ್ಲ ಕೊನೆಯಲ್ಲಿ ಬಾಯಿಗೆ ಬಾರದ ಒಂದು ಅಕ್ಷರದಲ್ಲಿ. ಕೆಲವು ರೂಪಗಳಲ್ಲಿ ಅಕ್ಷರದ ಮೇಲೆ ಒಂದು ಸಣ್ಣ ಮಡಿಕೆಯ ಗುರುತು ಬೇರೆ. ಅದು ತಪ್ಪಿದರೆ ಅರ್ಥವೇ ಬದಲಾಗುವುದೂ ಉಂಟು. ಮೇಡಂ ಒಂದೊಂದು ಅಕ್ಷರ ಹೇಳುವುದು, ನಾನು ಮಂತ್ರದ ಹಾಗೆ ಬಾಯಿಪಾಠ ಮಾಡುವುದು. ಹಾಗೆ ಕಲಿತೆ.

ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆಯಲು ಒಬ್ಬರು ಬೇಕಿತ್ತು. ಅವರು ನನಗಿಂತ ಕೆಳಗಿನ ತರಗತಿಯವರಾಗಿರಬೇಕು, ಆ ವಿಷಯ ಗೊತ್ತಿಲ್ಲದವರಾಗಿರಬೇಕು ಎಂಬುದು ನಿಯಮ. ನಮ್ಮದೇ ಆವರಣದ ಪಿಯು ಕಾಲೇಜಿನಲ್ಲಿ ಎರಡನೇ ವರ್ಷ ಕಾಮರ್ಸ್ ಓದುತ್ತಿದ್ದ ಒಬ್ಬ ಹುಡುಗಿ ಒಪ್ಪಿದಳು. ಕುಣಿಗಲ್ಲಿನ ಮುಸ್ಲಿಂ ಮನೆಯವಳು, ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದಳು. ಅವಳ ಅಪ್ಪನಿಗೆ ಕುಣಿಗಲ್ ಬಸ್‌ಸ್ಟಾಂಡಿನ ಹತ್ತಿರ ಗಾಡಿಗಳ ಸೀಟು ಹೊಲಿಯುವ ಅಂಗಡಿ.

ಮಧ್ಯಾಹ್ನ ಊಟವಾದ ಮೇಲೆ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅಭ್ಯಾಸ ಮಾಡುತ್ತಿದ್ದೆವು. ಮೊದಲ ದಿನ ಮೇಲಿನ ಗುರುತುಗಳನ್ನು ಹೇಗೆ ವಿವರಿಸಲಿ ಎಂದು ಒದ್ದಾಡುತ್ತಿದ್ದೆ. ಅವಳು ನಕ್ಕಳು.

"ಅದೇನ್ ದೊಡ್ಡ ವಿಷ್ಯ ಅಕ್ಕ? ನಮ್ ಅರಬ್ಬಿ ಅಕ್ಷರಕ್ಕೂ ಮೇಲೆ ಕೆಳಗೆ ಗೆರೆ ಬರ್ತದೆ. ಒಂದ್ ಬಿಟ್ರೂ ನಮ್ ದಾದಿ, ಅಪ್ಪನ್ ಅಮ್ಮ, ಬೆರಳಿಗೆ ಹೊಡೆಯೋರು. ಇದು ಟೋಪಿ ಥರ ಐತೆ. ಟೋಪಿ ಅಂತೀನಿ, ಆಯ್ತಾ?"

ಅಂದಿನಿಂದ ಅದು ಟೋಪಿಯಾಯಿತು. ‘ನೂ ಫೀನೀಮ್’, ನಾವು ಮುಗಿಸಿದೆವು. ಎಫ್, ಐ, ಎನ್, ಇನ್ನೊಂದು ಐ. "ಟೋಪಿ ಹಾಕ್ಲಾ ಅಕ್ಕ?" "ಹಾಕು." ಎಂ, ಇ, ಎಸ್. ಇಬ್ಬರೂ ಪಕಪಕ ನಗುತ್ತಿದ್ದೆವು. ಕಣ್ಣು ಹೋದ ಮೇಲೆ ನನ್ನ ಜೊತೆ ಹಾಗೆ ನಕ್ಕವರು ಕಡಿಮೆ. ಬೇರೆಯವರ ದನಿಯಲ್ಲಿ ಒಂದು ಎಚ್ಚರಿಕೆ ಇರುತ್ತಿತ್ತು, ಒಡೆಯುವ ಪಾತ್ರೆ ಎತ್ತಿಕೊಂಡವರ ಹಾಗೆ. ಅವಳಲ್ಲಿ ಅದಿರಲಿಲ್ಲ.

ಪರೀಕ್ಷೆಯ ದಿನ ನಮ್ಮನ್ನು ಹಳೇ ಬೆಂಚು ತುಂಬಿದ್ದ ಒಂದು ಕೋಣೆಯಲ್ಲಿ ಕೂರಿಸಿದರು. ಅವಳು ಪ್ರಶ್ನೆಯ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದಳು, ನಾನು ಉತ್ತರದ ಅಕ್ಷರಗಳನ್ನು ಹೇಳುತ್ತಿದ್ದೆ. ಚೆನ್ನಾಗಿ ಸಾಗುತ್ತಿತ್ತು. ಒಂದು ಪ್ಯಾರಾವನ್ನು ಪೂರ್ತಿ ಪಾಸೇ ಸ್ಯಾಂಪ್ಲ್‌ಗೆ ಬದಲಾಯಿಸಬೇಕಿತ್ತು. ಅದಕ್ಕೇ ಹೆಚ್ಚು ಅಂಕ. ಅಭ್ಯಾಸಬಲದಿಂದ ಅವಳು ಮೆಲ್ಲಗೆ ಕೇಳಿದಳು.

"ಟೋಪಿ ಹಾಕ್ಲಾ ಅಕ್ಕ?"

"ಹಾಕು."

ಬಾಗಿಲ ಬಳಿ ಬೂಟಿನ ಸದ್ದು ನಿಂತಿತು. ಕಾಪಿ ಹಿಡಿಯುವ ಸ್ಕ್ವಾಡಿನವರು ಬಂದಿದ್ದರು.

"ಯಾರಿಗಮ್ಮಾ ಟೋಪಿ ಹಾಕ್ತಿರೋದು?" ಎಂದಿತು ಒಂದು ಗಂಡುದನಿ.

ತಮಾಷೆಗೆ ಕೇಳಿದರು ಅಂದುಕೊಂಡು ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ನಾನು ವಿವರಿಸತೊಡಗಿದೆ. ಸರ್, ಅದು ಅಕ್ಷರದ ಮೇಲೆ ಬರುವ ಗುರುತು, ಬೇಕಾದರೆ ನೋಡಿ. ಅವರು ನೋಡಿದರು. ನೋಡಿದ್ದೇ ಕೆಟ್ಟದ್ದಾಯಿತು. ಎಲ್ಲ ಗುರುತುಗಳೂ ಜಾಗದಲ್ಲಿದ್ದವು, ಒಂದು ಹೊಡೆದು ಹಾಕಿದ್ದೂ ಇರಲಿಲ್ಲವಂತೆ.

"ಫ್ರೆಂಚ್ ಗೊತ್ತಿಲ್ದಿರೋ ಹುಡುಗಿ ಹೆಂಗಮ್ಮಾ ಇಷ್ಟು ನೀಟಾಗಿ ಬರೀತಾಳೆ? ನೀನ್ ಹೇಳ್ತಿದೀಯೋ, ಅವಳೇ ಬರೀತವ್ಳೋ?"

ಉತ್ತರಪತ್ರಿಕೆ ಕಿತ್ತುಕೊಂಡ ಸದ್ದು ಕೇಳಿತು. ಆಮೇಲೆ ಅವಳು ಅಳುವುದು ಕೇಳಿತು. ಅವಳು ಅತ್ತದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಕೆಲವು ವಾರಗಳ ಮೇಲೆ ಯೂನಿವರ್ಸಿಟಿಯವರು ವಿಚಾರಣೆಗೆ ಕರೆದರು. ಅಪ್ಪ ಹೊರಗೆ ಕೂತಿದ್ದರು, ಅವಳ ಅಪ್ಪನೂ ಅಂಗಡಿ ಮುಚ್ಚಿ ಬಂದಿದ್ದರು. ಒಳಗೆ ನಾಲ್ಕೈದು ಜನರ ದನಿ. ಅವರಲ್ಲಿ ಒಬ್ಬರು ಹೊರಗಿನಿಂದ ಬಂದ ಫ್ರೆಂಚ್ ಮೇಷ್ಟ್ರು. ಅವರು ಮೊದಲು ನನ್ನನ್ನು ಕೇಳಿದರು. ಯಾವ ಕ್ರಿಯಾಪದ ಕೊಟ್ಟರೂ ಆರು ರೂಪವನ್ನೂ ಅಕ್ಷರ ಅಕ್ಷರವಾಗಿ, ಟೋಪಿ ಸಮೇತ ಹೇಳಿದೆ. "ಶಹಭಾಸ್" ಎಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಅವಳ ಕಡೆ ತಿರುಗಿದರು.

"ನೀನು ಫ್ರೆಂಚ್ ಕಲ್ತಿದೀಯೇನಮ್ಮ?"

"ಇಲ್ಲ ಸರ್."

"‘ಇಲ್ ಫೀನೀರ್’ ಅಂತ ಬರಿ ನೋಡೋಣ. ಅವರು ಮುಗಿಸಿದರು ಅಂತ."

ಪೆನ್ನು ಕಾಗದದ ಮೇಲೆ ಓಡಿತು. ಬೇಡ ಕಣೇ, ತಪ್ಪು ಬರಿ ಎಂದು ಕೂಗಬೇಕೆನಿಸಿತು. ಕೂಗಿದ್ದರೂ ಕೇಸು ಇನ್ನಷ್ಟು ಗಟ್ಟಿಯಾಗುತ್ತಿತ್ತೇ ಹೊರತು ಬೇರೇನಿಲ್ಲ.

"ಕೊನೇಲಿ ಇ ಎನ್ ಟಿ ಹಾಕಿದೀಯ. ಬಾಯಲ್ಲಿ ಅದು ಬರೋದೇ ಇಲ್ಲ. ನಾನೂ ಹೇಳ್ಲಿಲ್ಲ. ನಿಂಗೆ ಯಾರು ಹೇಳಿದ್ರು?"

"ಅಕ್ಕ ಯಾವಾಗ್ಲೂ ಹೇಳ್ತಿದ್ರು ಸರ್. ಹಂಗೇ ಬರ್ದೆ."

ನಾನು ಎದ್ದು ನಿಂತೆ. "ಸರ್, ಅಭ್ಯಾಸ ಮಾಡ್ದೆ ನಾನು ಹೇಳೋ ಅಕ್ಷರ ಬರೆಯೋಕೆ ಯಾರಿಗಾಗುತ್ತೆ? ಅವಳಿಗೆ ಅರ್ಥ ಗೊತ್ತಿಲ್ಲ, ಕೈಗೆ ಮಾತ್ರ ಅಕ್ಷರ ಗೊತ್ತು."

"ಕೂತ್ಕೊಳಮ್ಮ," ಎಂದರು ವಿಚಾರಣೆಯ ಅಧ್ಯಕ್ಷರು. ದನಿ ಒರಟಾಗಿರಲಿಲ್ಲ. "ನಿನ್ ಮೇಲೆ ನಮಗೆ ಕನಿಕರ ಇದೆ. ಆದ್ರೆ ವಿಷಯ ಗೊತ್ತಿರೋರು ಬರೀಬಾರ್ದು ಅಂತ ರೂಲ್ಸು. ಇವಳಿಗೆ ಗೊತ್ತು ಅಂತ ಈಗ ನಾವೇ ನೋಡಿದ್ವಲ್ಲ."

ನನ್ನ ಪತ್ರಿಕೆ ರದ್ದಾಯಿತು. ಮುಂದಿನ ಸಲ ಬರೆಯಬಹುದು ಎಂದರು. ಅವಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಕಾಗದದ ಮೇಲೆ ಅಷ್ಟೇ. ಆದರೆ ಹಾಸ್ಟೆಲಿನಲ್ಲಿ ಕೇಸಾದ ಹುಡುಗಿ ಎಂಬ ಮಾತು ಹಬ್ಬಿತು. ಅವಳ ರೂಮಿನ ಹುಡುಗಿಯರು ಬೇರೆ ರೂಮು ಕೇಳಿದರಂತೆ. ವಾರ್ಡನ್ ಅವಳ ಅಪ್ಪನಿಗೆ ಫೋನು ಮಾಡಿ, ಕರ್ಕೊಂಡ್ ಹೋಗಿ, ಪರೀಕ್ಷೆ ಹೊತ್ತಿಗೆ ಕಳ್ಸಿ ಎಂದರು. ಹೋದವಳು ಪಿಯು ಪರೀಕ್ಷೆಗೆ ಬರಲಿಲ್ಲ.

ಕರೆದುಕೊಂಡು ಹೋಗುವ ದಿನ ಅವಳ ಅಪ್ಪ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಕೈಯಿಂದ ರೆಕ್ಸಿನ್ ಅಂಟಿನ ವಾಸನೆ ಬರುತ್ತಿತ್ತು.

"ನಿಮ್ದೇನೂ ತಪ್ಪಿಲ್ಲಮ್ಮ. ಅವಳ್ದೂ ಇಲ್ಲ, ನಂಗೊತ್ತು. ಆದ್ರೆ ನಮ್ ಬೀದೀಲಿ ಯಾರ್ಗೆ ಅಂತ ಹೇಳ್ಲಿ? ಕಾಪಿ ಹೊಡ್ಸಿ ಸಿಕ್ಕಾಕೊಂಡ್ಳಂತೆ ಅಂತವ್ರೆ. ಈ ಟೋಪಿ ವಿಷ್ಯ ಹೇಳಿದ್ರೆ ನಗ್ತಾರೆ."

ಮುಂದಿನ ಸಲ ಬರೆಯಲು ಕಾಲೇಜಿನವರೇ ಒಬ್ಬ ಹುಡುಗನನ್ನು ಕೊಟ್ಟರು. ಅಭ್ಯಾಸ ಮಾಡಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ಮೇಲೆ ಗುರುತು ಹಾಕಪ್ಪ ಅಂದರೆ, "ಎಲ್ಲಾ ಲೆಟರ್ ಮೇಲೂ ಹಾಕ್ಬೇಕಾ ಮೇಡಂ?" ಎಂದ. ಅರ್ಧ ಗಂಟೆಯಾದ ಮೇಲೆ ಗುರುತು ಹೇಳುವುದನ್ನೇ ಬಿಟ್ಟೆ. ಪಾಸಾದೆ, ಅಷ್ಟೇ. ಆ ಅಂಕಕ್ಕೆ ಎಂಎ ಸೀಟು ಸಿಗಲಿಲ್ಲ. ಈಗ ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಫೋನು ಎತ್ತುವ ಕೆಲಸ. ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ದಿನವಿಡೀ ಹೇಳುತ್ತಿರುತ್ತೇನೆ.

ಒಂದು ವರ್ಷ ಅವಳೂ ತುಮಕೂರಿಗೆ ಬಂದಿದ್ದಳು, ಖಾಲಾ, ಅಂದರೆ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ. ಫೋನು ಮಾಡಿದರೆ ಹಿಂದೆ ಮಿಷಿನ್ನಿನ ಸದ್ದು.

"ಪಿಯುಸಿ ಕಟ್ಟು ಕಣೇ, ಎಕ್ಸ್‌ಟರ್ನಲ್ ಬರಿ. ನಾನು ಫೀಸು ನೋಡ್ಕೋತೀನಿ," ಎಂದೆ.

"ಬೇಡಕ್ಕ. ಪೆನ್ ಹಿಡಿದ್ರೆ ಬಾಗ್ಲಲ್ಲಿ ಬೂಟಿನ್ ಸದ್ದು ಕೇಳ್ದಂಗಾಗ್ತದೆ. ಇಲ್ಲಿ ಸಂಬಳದ್ ದಿನ ಸೈನ್ ಹಾಕೋಕೂ ಹಂಗೇ ಆಗ್ತದೆ. ಬೆಲ್ ಆಯ್ತು, ಇಡ್ತೀನಿ."

ಆಮೇಲೆ ಆ ನಂಬರು ಚಾಲ್ತಿಯಲ್ಲಿಲ್ಲ ಎಂದು ಬರತೊಡಗಿತು.

ಹೋದ ವರ್ಷ ಒಂದು ಮದುವೆಗೆಂದು ಕುಣಿಗಲ್ಲಿಗೆ ಹೋದಾಗ ಅಮ್ಮನನ್ನು ಕರೆದುಕೊಂಡು ಸೀಟಿನ ಅಂಗಡಿ ಹುಡುಕಿದೆ. ಅವಳ ಅಪ್ಪ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದು ಸ್ಟೂಲು ಹಾಕಿಸಿ ಟೀ ತರಿಸಿದರು. ಮಗಳನ್ನು ಹುಲಿಯೂರುದುರ್ಗಕ್ಕೆ ಕೊಟ್ಟಿದ್ದಾರಂತೆ.

"ಹೆಂಗಿದಾಳೆ?"

"ಅವ್ಳೆ," ಎಂದರು. ಚೆನ್ನಾಗಿದ್ದಾಳೆ ಎನ್ನುತ್ತಾರೇನೋ ಎಂದು ಕಾದೆ. ಅನ್ನಲಿಲ್ಲ.

"ನಂಬರ್ ಕೊಡ್ತೀರಾ? ಒಂದ್ಸಲ ಮಾತಾಡ್ತೀನಿ."

ಅವರು ಎದ್ದು ಮಿಷಿನ್ನಿನ ಮುಂದೆ ಹೋಗಿ ಕೂತರು.

"ಬೇಡ ಬುಡಮ್ಮ. ಅವರ್ ಮನೇಲಿ ಆ ಕೇಸಿನ್ ವಿಷ್ಯ ಗೊತ್ತಿಲ್ಲ."

ಹೊಲಿಗೆ ಮಿಷಿನ್ನು ಮತ್ತೆ ಓಡತೊಡಗಿತು. ಅಮ್ಮ ನನ್ನ ಕೈ ಹಿಡಿದು ಮೋರಿ ದಾಟಿಸಿದಳು.