ಸ್ಪೀಕರ್ ಕೊಳ್ಳಲು ಹೋಗಿ

"ಯಜಮಾನ್ರೇ, ಈ ಹಾಡಲ್ಲಿ ತಾಳ ಕೇಳಿಸ್ತಿದೆಯಾ?" ಮಲ್ಲೇಶ್ವರದ ಸ್ಪೀಕರ್ ಅಂಗಡಿಯವರು ಅಪ್ಪನನ್ನು ಕೇಳಿದರು.

"ಎಲ್ಲಿದೆ ತಾಳ? ಇದೂ ನಮ್ಮನೆ ಸ್ಪೀಕರ್ ಥರಾನೇ ಇದೆ," ಎಂದರು ಅಪ್ಪ.

ನಾನು ತಿರುಗಿ ಅಪ್ಪನ ಮುಖ ನೋಡಿದೆ. ನನಗೆ ತಾಳದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ತರಕಾರಿ ಮಂಡಿಯಿಂದ ಬಂದು ಸ್ನಾನ ಮುಗಿಸಿ, ವರ್ಷಗಟ್ಟಲೆ ಭಜನೆಗೆ ತಾಳ ಹಾಕಿದವರು ಅಪ್ಪ.

ಮನೆಯ ಸ್ಪೀಕರ್ ಮಂಕಾಗಿದೆ ಎಂದು ಅವರು ಗೊಣಗುತ್ತಿದ್ದರು. ನಾನು ಆನ್‌ಲೈನ್‌ನಲ್ಲಿ ದುಬಾರಿ ಜೋಡಿಯೊಂದನ್ನು ಆರಿಸಿಟ್ಟು, ಬರೀ ಕೇಳಿ ನೋಡುವುದಕ್ಕೆ ಈ ಅಂಗಡಿಗೆ ಬಂದಿದ್ದೆ. ಸಂಕೋಚದಿಂದಲೇ ಅದನ್ನು ಹೇಳಿಬಿಟ್ಟೆ. ಅಂಗಡಿಯವರು ನಕ್ಕರು. "ಎಲ್ಲಾದ್ರೂ ತಗೊಳ್ಳಿ, ಬೇಜಾರಿಲ್ಲ. ಆದ್ರೆ ಮೊದಲು ಇವರ ಕಿವಿ ತೋರಿಸ್ಕೊಂಡು ಬನ್ನಿ."

ತೋರಿಸಿದೆವು. ವಯಸ್ಸಿನಿಂದ ಕಿವಿ ಮಂದವಾಗಿತ್ತು. ಶ್ರವಣಯಂತ್ರ ಹಾಕಿಕೊಂಡ ದಿನ ಅಪ್ಪ ಮನೆಯ ಹಳೇ ಸ್ಪೀಕರ್ ಮುಂದೆ ಕೂತು ಕೇಳಿದರು. "ಇದೇ ಸಾಕು ಕಣಮ್ಮ, ಏನು ಚೆನ್ನಾಗಿದೆ!" ಎನ್ನುತ್ತಾ ತೊಡೆ ತಟ್ಟತೊಡಗಿದರು.

ಒಂದು ವೈರನ್ನೂ ಮಾರದೆ ನಮ್ಮನ್ನು ಕಳಿಸಿದ ಆ ಅಂಗಡಿಯವರಿಗೆ ಕೈ ಮುಗಿಯಬೇಕೆನಿಸುತ್ತದೆ. ಜೊತೆಗೇ ಸ್ವಲ್ಪ ನಾಚಿಕೆ. ಅಪ್ಪನ ಜೊತೆ ಒಂದೇ ಮನೆಯಲ್ಲಿದ್ದೂ ನಾನು ಅನುಮಾನಪಟ್ಟಿದ್ದು ಸ್ಪೀಕರನ್ನು.